ಪಾಟ್-ಲಿಮಿಟ್ ಒಮಾಹಾ: ಕೈಯಲ್ಲಿ ಮೂರು ಒಂಬತ್ತು, ಎದುರಿಗೆ ದೊಡ್ಡ ಪಣ

ದೀಪಾವಳಿ ಬಂತೆಂದರೆ ಉಮರಗಾ, ನಿಲಂಗಾ, ಉದಗೀರ ಭಾಗದ ನಮ್ಮ ಎಷ್ಟೋ ಮನೆಗಳಲ್ಲಿ ಇಸ್ಪೀಟು ಎಲೆಗಳು ಹೊರಗೆ ಬರುತ್ತವೆ. ರಮ್ಮಿ, ತೀನ್ ಪತ್ತಿ ಹಿರಿಯರಿಗೂ ಗೊತ್ತು. ಪುಣೆ, ಹೈದರಾಬಾದು, ಬೆಂಗಳೂರಿನಿಂದ ರಜೆಗೆ ಬರುವ ಮಕ್ಕಳು ಈಗ ಪೋಕರನ್ನೂ ತರುತ್ತಿದ್ದಾರೆ. ಅದರಲ್ಲೇ ಹೆಚ್ಚು ತಲೆ ಕೆಡಿಸುವ ಬಗೆ ಪಾಟ್-ಲಿಮಿಟ್ ಒಮಾಹಾ. ಸದಸ್ಯರಿಗೆ ಉಪಯೋಗವಾಗಲೆಂದು ಅದರ ಒಂದು ಕಷ್ಟದ ಕೈಯನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ. ಲೆಕ್ಕವೆಲ್ಲ ಹುಣಸೆ ಬೀಜದಲ್ಲಿದೆ. ರೂಪಾಯಿ ಏಕಿಲ್ಲ ಎಂಬುದು ಕೊನೆಯಲ್ಲಿದೆ.

ನಿಯಮ ಚುಟುಕಾಗಿ

ಪ್ರತಿಯೊಬ್ಬರಿಗೂ 4 ಎಲೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ 5 ಎಲೆ ಬಿಚ್ಚುತ್ತಾರೆ: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಕೈಯಿಂದ ಸರಿಯಾಗಿ 2, ಮಧ್ಯದಿಂದ 3 ಎಲೆ ಸೇರಿಸಿಯೇ ಆಟ ಕಟ್ಟಬೇಕು. ಕೈಯ ಒಂದೇ ಎಲೆಯನ್ನೋ ಮೂರನ್ನೋ ಬಳಸುವಂತಿಲ್ಲ. ಹೊಸಬರು ಹೆಚ್ಚು ಎಡವುವುದು ಇಲ್ಲೇ.

ಪಾಟ್-ಲಿಮಿಟ್ ಎಂದರೆ ಮಧ್ಯದ ರಾಶಿಗಿಂತ ಹೆಚ್ಚು ಏರಿಸುವಂತಿಲ್ಲ. ರಾಶಿಯಲ್ಲಿ 100 ಬೀಜ ಇದೆ, ಎದುರಿನವರು 60 ಹಾಕಿದರು ಎನ್ನಿ. ನಾವು ಮೊದಲು 60 ಸರಿದೂಗಿಸಿದಂತೆ ಲೆಕ್ಕ ಹಿಡಿದರೆ ರಾಶಿ 220. ಅದರ ಮೇಲೆ ಹೆಚ್ಚೆಂದರೆ 220 ಏರಿಸಬಹುದು. ಒಟ್ಟು ನಾವು ಇಡಬಹುದಾದದ್ದು 280.

ಇನ್ನೊಂದು ಮಾತು ತೀನ್ ಪತ್ತಿ ಆಡಿದವರಿಗೆ. ಅಲ್ಲಿ ಟ್ರೇಲ್, ಅಂದರೆ ಒಂದೇ ಅಂಕಿಯ ಮೂರು ಎಲೆ, ಎಲ್ಲಕ್ಕೂ ಮೇಲು. ಪೋಕರಿನಲ್ಲಿ ಹಾಗಲ್ಲ. ಸಾಲಾಗಿ ಐದು ಎಲೆ ಕೂಡಿದ ಸ್ಟ್ರೇಟ್ ಅದಕ್ಕಿಂತ ಮೇಲು, ಒಂದೇ ಬಣ್ಣದ ಐದಾದ ಫ್ಲಶ್ ಇನ್ನೂ ಮೇಲು, ಮೂರು ಮತ್ತು ಜೋಡಿ ಕೂಡಿದ ಫುಲ್ ಹೌಸ್ ಅದಕ್ಕೂ ಮೇಲು. ಟ್ರೇಲ್ ಕಂಡಾಗ ಹಿಗ್ಗುವ ಹಳೆಯ ಅಭ್ಯಾಸ ಇಲ್ಲಿ ದುಬಾರಿ.

ಕಷ್ಟದ ಕೈ

ನಮ್ಮ ಕೈಯಲ್ಲಿ ಇಸ್ಪಿಕ್ ಎಕ್ಕ, ಚೌಕಟ್ ರಾಜ, ಇಸ್ಪಿಕ್ 9, ಚೌಕಟ್ 9. ಫ್ಲಾಪ್‌ನಲ್ಲಿ ಬದಾಮ್ 9, ಕಿಲ್ವರ್ 8, ಬದಾಮ್ 7. ಮೂರು ಒಂಬತ್ತು ಕೂಡಿದವು. ರಾಶಿಯಲ್ಲಿ 100 ಬೀಜ. ಎದುರಿನವರು ಪೂರ್ತಿ 100 ಹಾಕಿದರು. ಏನು ಮಾಡಬೇಕು?

ಮೊದಲ ಪ್ರಶ್ನೆ: ಈಗ ನಮ್ಮನ್ನು ಯಾವ ಕೈ ಸೋಲಿಸುತ್ತಿದೆ? ಗುಲಾಮ-10, 10-6, 6-5, ಈ ಮೂರರಲ್ಲಿ ಯಾವ ಜೋಡಿ ಇದ್ದರೂ ಸ್ಟ್ರೇಟ್ ಆಗಿಬಿಟ್ಟಿದೆ. ನಾಲ್ಕು ನಾಲ್ಕು ಎಲೆ ಹಿಡಿದಿರುವ ಆಟದಲ್ಲಿ ಇದು ಅಪರೂಪವೇನಲ್ಲ.

ಎರಡನೆಯ ಪ್ರಶ್ನೆ: ಹಿಂದಿದ್ದರೆ ಯಾವ ಎಲೆ ನಮ್ಮನ್ನು ಮೇಲೆತ್ತುತ್ತದೆ? ಮಧ್ಯದಲ್ಲಿ ಜೋಡಿ ಬೀಳಬೇಕು. ಉಳಿದ ಒಂದು 9, ಮೂರು 8, ಮೂರು 7, ಒಟ್ಟು 7 ಎಲೆ. ನಾವು ಕಾಣದ ಎಲೆಗಳು 45. ಟರ್ನ್‌ನಲ್ಲಿ ಕೂಡುವ ಸಾಧ್ಯತೆ 45ಕ್ಕೆ 7, ಸುಮಾರು 16%. ಅಲ್ಲಿ ತಪ್ಪಿದರೆ ಟರ್ನ್‌ನ ಎಲೆಗೂ ಜೋಡಿ ಬರಬಹುದಾದ್ದರಿಂದ ರಿವರ್‌ಗೆ ಸಾಮಾನ್ಯವಾಗಿ 10 ಎಲೆ ಸಿಗುತ್ತವೆ (ಟರ್ನ್ ಎಕ್ಕ ಅಥವಾ ರಾಜ ಆದರೆ 9). ಎರಡೂ ಎಲೆ ನೋಡಲು ಸಿಕ್ಕರೆ ಒಟ್ಟು ಸುಮಾರು 34%.

ಮೂರನೆಯ ಪ್ರಶ್ನೆ: ಬೆಲೆ ಎಷ್ಟು? ನಾವು 100 ಇಟ್ಟರೆ ರಾಶಿ 300 ಆಗುತ್ತದೆ. ಅದರಲ್ಲಿ ನಮ್ಮ ಪಾಲು ಮೂರನೆಯ ಒಂದು ಭಾಗ. ಆದ್ದರಿಂದ 33% ಗೆಲುವು ಇದ್ದರೆ ಅಸಲು ಬಂದಂತೆ.

34 ಮತ್ತು 33. ಕೂದಲೆಳೆಯ ಅಂತರ. ಈ ಕೈ ಕಷ್ಟವೆನಿಸುವುದು ಇದರಿಂದಲೇ. ಉತ್ತರ ನಮ್ಮ ಎಲೆಗಳಲ್ಲಿಲ್ಲ, ನಮ್ಮ ಮುಂದೆ ಉಳಿದಿರುವ ಬೀಜದಲ್ಲಿದೆ.

ಬೀಜ ಕಡಿಮೆ ಇದ್ದರೆ: ನಮ್ಮ ಹತ್ತಿರ ಉಳಿದದ್ದೇ 100 ಎಂದಾದರೆ ಇಟ್ಟುಬಿಡಬಹುದು. ಮುಂದೆ ಯಾರೂ ಏನೂ ಕೇಳುವಂತಿಲ್ಲ, ಎರಡೂ ಎಲೆ ಕಾಣುತ್ತವೆ. ಎದುರಿನವರಲ್ಲಿ ಸ್ಟ್ರೇಟ್ ಇದ್ದೇ ಇದೆ ಎಂದುಕೊಂಡರೂ ಹೆಚ್ಚು ನಷ್ಟವಿಲ್ಲ. ಅವರು ಎರಡು ಜೋಡಿಯನ್ನೋ, ಮೂರು ಎಂಟನ್ನೋ, ಬದಾಮ್ ಫ್ಲಶ್ಶಿನ ಆಸೆಯನ್ನೋ ಹಿಡಿದಿದ್ದರೆ ಮುಂದಿರುವವರು ನಾವು.

ಬೀಜ ಹೆಚ್ಚಿದ್ದರೆ: ಇಬ್ಬರ ಮುಂದೂ ಇನ್ನೂ 900 ಇದೆ ಎನ್ನಿ. ಈಗಿನ 100 ಒಂದೇ ಎಲೆಯ ಬೆಲೆ. ಟರ್ನ್ ಖಾಲಿ ಹೋದರೆ ಅವರು 300 ಕೇಳಬಹುದು. ಆಗ ನಮ್ಮ ಸಾಧ್ಯತೆ 44ಕ್ಕೆ 10, ಸುಮಾರು 23%. ಬೇಕಾದದ್ದು 33%. ಸ್ಟ್ರೇಟ್ ವಿರುದ್ಧ ಟರ್ನ್‌ಗಾಗಿ 100 ಇಡುವುದು ಸರಿ ಎನ್ನಬೇಕಾದರೆ, ಜೋಡಿ ಬಿದ್ದ ಸಲ ನಾವು ಸರಾಸರಿ 543 ಗಳಿಸಬೇಕು. ರಾಶಿಯಲ್ಲಿರುವುದು 200. ಉಳಿದ 343 ಎದುರಿನವರ ಕೈಯಿಂದ ಆಮೇಲೆ ಬರಬೇಕು. ಮಧ್ಯದಲ್ಲಿ ಜೋಡಿ ಕಂಡೊಡನೆ ಪಳಗಿದ ಆಟಗಾರ ಕೈ ಬಿಗಿ ಹಿಡಿಯುತ್ತಾನೆ. ಅಂಥವರ ಎದುರು ಪ್ಯಾಕ್ ಮಾಡುವುದೇ ಲೇಸು. ಬಿಡಲಾರದೆ ಕೊನೆಯವರೆಗೂ ಕೊಡುವವರ ಎದುರು ಇಡಬಹುದು.

ಮೂರನೆಯವರೂ ಬಂದಿದ್ದರೆ: ಒಬ್ಬರು 100, ಇನ್ನೊಬ್ಬರು 100 ಇಟ್ಟಿದ್ದರೆ ಎರಡೂ ಎಲೆ ನೋಡಲು ಬೇಕಾದ ಗೆಲುವು 25%ಕ್ಕೆ ಇಳಿಯುತ್ತದೆ. ಆದರೆ ಅವರ ಎಂಟು ಎಲೆಗಳಲ್ಲಿ ನಮಗೆ ಬೇಕಾದ 8, 7 ಅಡಗಿರಬಹುದು. ಅಗ್ಗವೆನಿಸಿದಷ್ಟು ಅಗ್ಗವಲ್ಲ.

ಬೀಜ ಹೆಚ್ಚಿರುವಾಗ ಇಲ್ಲಿ ಏರಿಸುವುದೂ ಎಚ್ಚರದ ಕೆಲಸ. ನಮಗಿಂತ ಕೆಳಗಿನವರು ಎದ್ದು ಹೋಗುತ್ತಾರೆ, ಸ್ಟ್ರೇಟ್ ಹಿಡಿದವರು ಉಳಿಯುತ್ತಾರೆ. ಕೊನೆಗೆ ಮಾತಾಡುವ ಸ್ಥಾನ ನಮ್ಮದಾಗಿದ್ದರೆ ತೀರ್ಮಾನ ಸ್ವಲ್ಪ ಹಗುರ. ಅವರು ಏನು ಮಾಡಿದರೆಂದು ನೋಡಿ ನಾವು ಹೆಜ್ಜೆ ಇಡಬಹುದು.

ಬೀಜ ಏಕೆ, ರೂಪಾಯಿ ಏಕಲ್ಲ

ಗಡಿಯಲ್ಲಿರುವ ನಾವು ಮದುವೆ, ಜಾತ್ರೆಗೆಂದು ಬೀದರ್, ಬಸವಕಲ್ಯಾಣ, ಆಳಂದಕ್ಕೆ ಹೋಗಿ ಬರುವವರು. ಒಂದೊಂದು ರಾಜ್ಯದ ಕಾನೂನು ಒಂದೊಂದು ಬಗೆ. ಮಹಾರಾಷ್ಟ್ರದಲ್ಲಿ ಇಂದಿಗೂ 1887ರ ಜೂಜು ತಡೆ ಕಾಯ್ದೆ ನಡೆಯುತ್ತಿದೆ. ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲ ಎಂಬರ್ಥದ ಆದೇಶವನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಕೊಟ್ಟಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಅದೇ ಆಟವನ್ನು ಜೂಜೆಂದಿತು. ತೆಲಂಗಾಣ 2017ರಲ್ಲೇ ಆನ್‌ಲೈನ್ ರಮ್ಮಿಯನ್ನೂ ನಿಷೇಧದೊಳಗೆ ತಂದಿತು.

ಮೊಬೈಲಿನಲ್ಲಿ ಹಣವಿಟ್ಟು ಆಡುವ ಆಟಗಳ ಮೇಲೆ ಈಗ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯೇ ಬಂದಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಈ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದ ಮಾಡುವುದಿಲ್ಲ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು.

ಕಾನೂನಿಗಿಂತ ಹತ್ತಿರದ ಕಾರಣವೂ ಒಂದಿದೆ. ಮೇಲಿನ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿ ಇಟ್ಟರೂ ಮೂರರಲ್ಲಿ ಸುಮಾರು ಎರಡು ಸಲ ಆ ಕೈ ಸ್ಟ್ರೇಟಿಗೆ ಸೋಲುತ್ತದೆ. ಹುಣಸೆ ಬೀಜವಾದರೆ ನಕ್ಕು ಮತ್ತೆ ಎಲೆ ಹಂಚಬಹುದು. ಸೋಯಾಬೀನ್ ಮಾರಿದ ದುಡ್ಡಾದರೆ ಹಾಗಾಗದು. ಆದ್ದರಿಂದ ಮಕ್ಕಳು ಪೋಕರ್ ಕಲಿಸುತ್ತೇವೆಂದರೆ ಬೇಡವೆನ್ನಬೇಡಿ. ಒಬ್ಬೊಬ್ಬರಿಗೆ 500 ಬೀಜ ಎಣಿಸಿಕೊಟ್ಟು ಕೂರಿಸಿ. ಪ್ರತಿ ಕೈಯಲ್ಲೂ ಮೂರು ಪ್ರಶ್ನೆ ಬಾಯಿಬಿಟ್ಟು ಕೇಳಿಕೊಳ್ಳಲಿ: ಯಾವುದು ನನ್ನನ್ನು ಸೋಲಿಸುತ್ತದೆ, ಯಾವ ಎಲೆ ಬೇಕು, ಅದಕ್ಕೆ ಬೆಲೆ ಎಷ್ಟು?