ಬೋನಿನ ಕಪಿಗೆ ಬೇಕಾದ ಕೆಲಸ

ಮೃಗಾಲಯಕ್ಕೆ ಹೋದ ಜನ ಹುಲಿಯ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಕಪಿಯ ಮುಂದೆ ನಗುತ್ತ ನಿಲ್ಲುತ್ತಾರೆ. ನಿಂತವರ ಕೈ ತಾನಾಗಿಯೇ ಜೇಬಿನ ಕಡಲೆಕಾಯಿಯತ್ತ ಹೋಗುತ್ತದೆ. ಹಸಿದವರಿಗೆ ಅನ್ನವಿಡುವುದು ಪುಣ್ಯವೆಂದು ಬಗೆದ ನಾಡು ನಮ್ಮದು. ಆ ಕೈಯನ್ನು ತಪ್ಪೆನ್ನಲು ಸುಲಭವಾಗಿ ಮನಸ್ಸು ಬಾರದು. ಆದರೆ ಬೋನಿನ ಕಪಿ ನಿಜವಾಗಿ ಹಸಿದಿದೆಯೆ? ಹಸಿದಿದ್ದರೆ ಯಾವುದಕ್ಕಾಗಿ? ಈ ಪ್ರಶ್ನೆಯ ಉತ್ತರಕ್ಕಾಗಿ ಮನುಷ್ಯ ಬಹುಕಾಲ ತಡಕಾಡಿದ. ಆ ಕಥೆ ಸ್ವಾರಸ್ಯವಾದದ್ದು. ಒಂದಿಷ್ಟು ನಾಚಿಕೆಯದೂ ಹೌದು.

ಕಾಡಿನಲ್ಲಿ ಚಿಂಪಾಂಜಿ ಹಗಲಿನ ಸುಮಾರು ಅರ್ಧಭಾಗವನ್ನು ಆಹಾರ ಹುಡುಕುವುದರಲ್ಲಿ, ತಿನ್ನುವುದರಲ್ಲಿ ಕಳೆಯುತ್ತದೆ. ಯಾವ ಮರ ಯಾವಾಗ ಹಣ್ಣಾಗುತ್ತದೆಂಬ ನೆನಪು ಬೇಕು; ಗಟ್ಟಿ ಕಾಯಿಯನ್ನು ಒಡೆಯುವ ಉಪಾಯ ಬೇಕು. ಹೊಟ್ಟೆಯೊಂದಿಗೆ ತಲೆಗೂ ಕೈಗೂ ಅಲ್ಲಿ ದುಡಿಮೆಯುಂಟು. ಬೋನಿನಲ್ಲಿಯಾದರೋ, ಹಣ್ಣನ್ನು ಹೆಚ್ಚಿ ತಟ್ಟೆಯಲ್ಲಿಟ್ಟರೆ ಕೆಲವು ನಿಮಿಷಗಳಲ್ಲಿ ಊಟ ಮುಗಿಯಿತು. ಉಳಿದ ಹೊತ್ತನ್ನು ಏನು ಮಾಡುವುದು? ಕುಳಿತಲ್ಲೇ ತೂಗಾಡುವುದು, ತನ್ನ ಕೂದಲನ್ನು ತಾನೇ ಕೀಳುವುದು, ತಿಂದದ್ದನ್ನು ಕಕ್ಕಿ ಮತ್ತೆ ತಿನ್ನುವುದು—ಇವು ಕಪಿಚೇಷ್ಟೆಗಳಲ್ಲ. ಬಿಡುವಿನ ಭಾರ ತಾಳಲಾರದ ಜೀವದ ಕುರುಹುಗಳು.

ಹಿಂದಿನ ಪಾಲಕರು ನಿರ್ದಯರಾಗಿದ್ದರೆಂದಲ್ಲ. ಕ್ಷಯ, ಆಮಶಂಕೆಗಳಿಗೆ ಕಪಿಗಳು ಬಲಿಯಾಗುತ್ತಿದ್ದ ಕಾಲವದು. ತೊಳೆಯಲು ಸುಲಭವಾದ ಗಾರೆಯ ನೆಲ, ನುಣುಪಾದ ಗೋಡೆ, ಅಳೆದು ತೂಗಿದ ಆಹಾರ—ಇವೇ ಕರುಣೆಯ ಗುರುತಾಗಿದ್ದುವು. ಬೋನು ಆಸ್ಪತ್ರೆಯ ಕೋಣೆಯಂತಾಯಿತು. ಆದರೆ ಆಸ್ಪತ್ರೆಯಲ್ಲಿ ಜೀವಮಾನವಿಡೀ ಇರಲು ಯಾರು ತಾನೆ ಬಯಸುತ್ತಾರೆ?

ಲಂಡನ್ನಿನ ಮೃಗಾಲಯದಲ್ಲಿ 1926ರಲ್ಲಿ ಚಿಂಪಾಂಜಿಗಳ ಚಹಾಕೂಟ ಮೊದಲಾಯಿತು. ಮೇಜು, ಬಟ್ಟಲು, ಚಹಾದ ಪಾತ್ರೆ. ಸುತ್ತಲೂ ನಗುವ ಮಕ್ಕಳು. ಚಿಂಪಾಂಜಿಗಳು ಮೇಜಿನ ಮರ್ಯಾದೆಯನ್ನು ಬಹುಬೇಗ ಕಲಿತುಬಿಟ್ಟುವಂತೆ. ಸಭ್ಯವಾಗಿ ಚಹಾ ಕುಡಿಯುವ ವಾನರನನ್ನು ನೋಡಿ ಯಾರು ನಗುತ್ತಾರೆ? ಕೊನೆಗೆ ಅವಕ್ಕೆ ತುಂಟತನ ಮಾಡುವುದನ್ನೇ ಕಲಿಸಬೇಕಾಯಿತೆಂದು ಪ್ರಾಣಿಶಾಸ್ತ್ರಜ್ಞ ಫ್ರಾನ್ಸ್ ಡಿ ವಾಲ್ ಬರೆದಿದ್ದಾರೆ. ಈ ಕೂಟ 1972ರವರೆಗೂ ನಡೆಯಿತು. ಊಟ ಪ್ರಾಣಿಗೆ ಕೆಲಸವಾಯಿತು ನಿಜ. ಆದರೆ ಆ ಕೆಲಸ ನಮ್ಮ ವಿನೋದಕ್ಕಾಗಿ.

ಬೇರೊಂದು ದಾರಿಯನ್ನು ಅದೇ ವೇಳೆಗೆ ಅಮೆರಿಕದ ರಾಬರ್ಟ್ ಯೆರ್ಕ್ಸ್ ಕಂಡಿದ್ದರು. ಹವಾನಾ ನಗರದಲ್ಲಿ ರೊಸಾಲಿಯಾ ಅಬ್ರೆಯು ಎಂಬ ಸಿರಿವಂತ ಮಹಿಳೆ ಸಾಕಿದ್ದ ವಾನರರನ್ನು 1924ರಲ್ಲಿ ನೋಡಿಬಂದ ಅವರು, ಸೆರೆಯ ವಾನರರಿಗೆ ಆಟಕ್ಕೂ ಕೆಲಸಕ್ಕೂ ಒದಗುವ ಸಲಕರಣೆಗಳನ್ನು ಕಲ್ಪಿಸಿಕೊಡಬೇಕೆಂದು ಮರುವರ್ಷವೇ ಬರೆದರು. ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ 1942ರಲ್ಲಿ ಸೆರೆಯ ಪ್ರಾಣಿಗಳನ್ನು ಕುರಿತು ಪ್ರಸಿದ್ಧ ಗ್ರಂಥವನ್ನೇ ರಚಿಸಿದರು. ಉದ್ಯೋಗವೂ ಪ್ರಾಣಿಗೆ ಚಿಕಿತ್ಸೆ ಎಂಬುದು ಅವರ ಮತ. 1950ರಲ್ಲಿ ಹ್ಯಾರಿ ಹಾರ್ಲೋ ನಮ್ಮ ಉತ್ತರ ಭಾರತದ ಕೆಂಪು ಮೋರೆಯ ಕೋತಿಗಳ ಮುಂದೆ ಕೊಂಡಿ, ಅಗುಳಿಗಳ ಒಗಟುಗಳನ್ನಿಟ್ಟರು. ಬಹುಮಾನವಾಗಿ ಒಂದು ಕಾಳೂ ಇಲ್ಲದಿದ್ದರೂ ಅವು ಮತ್ತೆ ಮತ್ತೆ ಬಿಡಿಸಿದುವು! ಕೂಲಿಯಿಲ್ಲದೆಯೂ ಕೆಲಸ ರುಚಿಸುತ್ತದೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

1960ರ ನವೆಂಬರಿನಲ್ಲಿ ಟಾಂಗನಿಕಾದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಒಂದು ದೃಶ್ಯ ಕಂಡರು. ಚಿಂಪಾಂಜಿಯೊಂದು ಹುಲ್ಲುಕಡ್ಡಿಯನ್ನು ಗೆದ್ದಲ ಹುತ್ತದೊಳಗೆ ತೂರಿಸಿ, ಕಚ್ಚಿಕೊಂಡ ಹುಳುಗಳನ್ನು ಮೆಲ್ಲನೆ ಎಳೆದು ತಿನ್ನುತ್ತಿತ್ತು. ಮುಂದೆ ಎಷ್ಟೋ ಮೃಗಾಲಯಗಳಲ್ಲಿ ಕೃತಕ ಹುತ್ತಗಳೆದ್ದುವು. ಒಳಗೆ ಗೆದ್ದಲಿಗೆ ಬದಲಾಗಿ ಜೇನೊ ಹಣ್ಣಿನ ರಸವೊ. ಕಡ್ಡಿಯನ್ನು ಆರಿಸುವ, ಸೀಳುವ, ತೂರಿಸುವ ಕೆಲಸ ಮಾತ್ರ ಕಾಡಿನದೇ.

1970ರ ದಶಕದಲ್ಲಿ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಹಾಲ್ ಮಾರ್ಕೊವಿಟ್ಜ್ ಗಿಬ್ಬನ್‌ಗಳಿಗಾಗಿ ಯಂತ್ರ ಹೂಡಿದರು. ಒಂದು ಮೂಲೆಯಲ್ಲಿ ಸನ್ನೆ ಅದುಮಿ, ತೋಳಿನಿಂದ ತೋಳಿಗೆ ಜೋಕಾಲಿಯಾಡುತ್ತ ಇನ್ನೊಂದು ಮೂಲೆಗೆ ಹೋದರೆ ಆಹಾರ ಸಿಗುತ್ತಿತ್ತು. ಇದು ಸರ್ಕಸ್ಸಲ್ಲವೆ ಎಂದು ಕೆಲವರು ಆಕ್ಷೇಪಿಸಿದರು. ಯಂತ್ರ ಬೇಡ, ಗಿಡ ಮರ ಮಣ್ಣು ಕೊಡಿ ಎಂದರು. ಸಿಯಾಟಲ್ ನಗರದಲ್ಲಿ ಗೊರಿಲ್ಲಗಳಿಗೆ ಹಸಿರು ಆವರಣ ಸಿದ್ಧವಾದದ್ದು ಆ ದಶಕದ ಕೊನೆಗೇ. ವಾದದಲ್ಲಿ ಎರಡು ಕಡೆಯೂ ಸತ್ಯವಿತ್ತು. ಆಯ್ಕೆ ಪ್ರಾಣಿಯ ಕೈಯಲ್ಲಿರಬೇಕೆಂಬುದು ಒಬ್ಬರ ಕಾಣ್ಕೆ. ಪ್ರಾಣಿ ತನ್ನತನ ಬಿಡಬಾರದೆಂಬುದು ಇನ್ನೊಬ್ಬರದು.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಬಡವರ ಮನೆಯಲ್ಲೂ ಸಾಧ್ಯವಾಗುವಂಥ ಒಂದು ಪ್ರಯೋಗ. ಸ್ಕಾಟ್‌ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾನಿಲಯದ ಆರ್ನಲ್ಡ್ ಚಾಮೋವ್ ಮತ್ತು ಸಂಗಡಿಗರು ಎಂಟು ಜಾತಿಯ ಕಪಿಗಳ ಬೋನಿನಲ್ಲಿ ಮರದ ಚಕ್ಕೆಗಳನ್ನು ದಪ್ಪನಾಗಿ ಹರಡಿ, ನಡುವೆ ಕಾಳು ಬೀರಿದರು. ಕಪಿಗಳು ಗಂಟೆಗಟ್ಟಲೆ ಕೆದಕಿದುವು, ಜಗಳ ಕಡಿಮೆಯಾಯಿತು. ಹೊಲಸಾಗಿ ರೋಗ ಬಂದೀತೆಂದು ಅಂಜಿದವರಿಗೆ 1982ರ ಅವರ ಲೇಖನ ಉತ್ತರ ಕೊಟ್ಟಿತು: ಚಕ್ಕೆಯ ಹಾಸು ಹಳೆಯದಾದಷ್ಟೂ ಅದರಲ್ಲಿ ರೋಗಾಣುಗಳು ಬದುಕುವುದು ಕಷ್ಟವಾಗಿತ್ತು! ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆ ಕಪಿಗೂ ಸಲ್ಲುತ್ತದೆ. ಮೊಸರನ್ನಷ್ಟೇ ಕೊಟ್ಟು ಕೆಸರನ್ನು ಕಸಿದುಕೊಂಡದ್ದೇ ನಾವು ಮಾಡಿದ ತಪ್ಪು.

ಕಾನೂನೂ ಹಿಂದೆಯೇ ಬಂತು. ಪ್ರಯೋಗಶಾಲೆಯ ವಾನರರ ಮನಸ್ಸಿನ ನೆಮ್ಮದಿಯನ್ನೂ ನೋಡಿಕೊಳ್ಳಬೇಕೆಂದು ಅಮೆರಿಕ 1985ರಲ್ಲಿ ವಿಧಿಸಿತು. ನಮ್ಮ ದೇಶದಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ಸ್ಥಾಪನೆಯಾಯಿತು. ಮೃಗಾಲಯದ ಪ್ರಾಣಿಗೆ ನೋಡಬಂದವರು ತಿನ್ನಿಸಕೂಡದೆಂದು 1991ರ ತಿದ್ದುಪಡಿಯಿಂದ ವನ್ಯಜೀವಿ ಕಾಯಿದೆಯೇ ಹೇಳುತ್ತದೆ.

ಆಟಿಕೆಯ ಹುತ್ತದಿಂದ ಬೋನು ಕಾಡಾಗುವುದಿಲ್ಲ, ನಿಜ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಕಟ್ಟಿಸಿದ ಮೈಸೂರಿನ ಮೃಗಾಲಯದಲ್ಲಿ ಪೋಲೋ ಎಂಬ ಗೊರಿಲ್ಲವಿತ್ತು. ಅದು 2014ರಲ್ಲಿ ತೀರಿಕೊಂಡಾಗ ದೇಶದಲ್ಲಿದ್ದ ಗೊರಿಲ್ಲ ಅದೊಂದೇ. ತನ್ನವರಿಲ್ಲದ ಕೊರತೆಯನ್ನು ಯಾವ ಊಟ, ಯಾವ ಉಪಾಯ ತುಂಬೀತು? 2021ರಲ್ಲಿ ಜರ್ಮನಿಯಿಂದ ಅಲ್ಲಿಗೆ ಗೊರಿಲ್ಲಗಳು ಬಂದಾಗ ಒಂದಲ್ಲ, ಎರಡು ಬಂದುವೆಂಬುದು ಸಮಾಧಾನದ ಮಾತು.

ಇನ್ನೊಮ್ಮೆ ಮಕ್ಕಳೊಡನೆ ಅಲ್ಲಿಗೆ ಹೋದಾಗ ಕಡಲೆಕಾಯಿ ಜೇಬಿನಲ್ಲೇ ಇರಲಿ. ಕಪಿ ತಾನಾಗಿ ಹುಡುಕಿ, ಕೆದಕಿ, ಬಿಡಿಸಿ ತಿನ್ನುವುದನ್ನು ಹತ್ತು ನಿಮಿಷ ಸುಮ್ಮನೆ ನೋಡೋಣ. ಅದರ ಅನ್ನವನ್ನು ಅದೇ ಗಳಿಸಲಿ.