ಚಕ್ಕುಬಂದಿ ಇಲ್ಲದ ಕರಾರು

ಕುಂದಾಣ ಗೊತ್ತಾ ನಿಮಗೆ? ದೇವನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಇವತ್ತು ಅಲ್ಲಿ ಟೀ ಅಂಗಡಿ ಮುಂದೆ ನಿಂತರೆ ಕಿವಿಗೆ ಬೀಳೋದು ಒಂದೇ ಮಾತು, ಎಕರೆಗೆ ಎಷ್ಟು? 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಸೀಮೆಯ ಲೆಕ್ಕವೇ ಬದಲಾಯಿತು. ಆದರೆ ಏಳುನೂರು ವರ್ಷದ ಹಿಂದೆ ಇದೇ ಕುಂದಾಣ ಹೊಯ್ಸಳರ ಒಂದು ರಾಜಧಾನಿ ಆಗಿತ್ತು ಅನ್ನೋ ಅಭಿಪ್ರಾಯ ಇದೆ ಅಂದರೆ ನಂಬುತ್ತೀರಾ?

ಹೊಯ್ಸಳ ಸೋಮೇಶ್ವರ ತನ್ನ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದ. ಮೂರನೇ ನರಸಿಂಹನಿಗೆ ದೋರಸಮುದ್ರ, ರಾಮನಾಥನಿಗೆ ತಮಿಳು ಸೀಮೆಯ ಕಣ್ಣಾನೂರು. ಪಾಂಡ್ಯರ ಕೈ ಮೇಲಾದಾಗ ರಾಮನಾಥ ಅಲ್ಲಿಂದ ಹಿಂದೆ ಸರಿದು ಕುಂದಾಣಿಗೆ ಬಂದು ನೆಲೆಸಿದ. ವಂಶದ ಹೆಸರು ಒಂದೇ, ಆಸ್ಥಾನ ಎರಡು. ನಂತರ ಮೂರನೇ ಬಲ್ಲಾಳ ಎರಡನ್ನೂ ಒಂದು ಮಾಡಿದ. 1301ರಲ್ಲಿ ಕುಂದಾಣಿ ರಾಜ್ಯವೂ ಸೇರಿ ಹಲವು ನಾಡುಗಳ ದೇವಸ್ಥಾನ, ಮಠಗಳಿಗೆ ತೆರಿಗೆ ಬಿಟ್ಟುಕೊಟ್ಟು ಆದೇಶ ಹೊರಡಿಸಿದ. ಆ ಒಂದೇ ಆದೇಶವನ್ನು ಬೇರೆ ಬೇರೆ ದೇವಾಲಯಗಳಲ್ಲಿ ಕಲ್ಲಿನ ಮೇಲೆ ಕೆತ್ತಿಸಲಾಯಿತು.

ಯಾಕೆ ಕಲ್ಲು? ಎಲ್ಲರ ಕಣ್ಣಿಗೂ ಬೀಳಲಿ ಅಂತ. ದಾನಶಾಸನಗಳನ್ನು ನೋಡಿ. ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಭೂಮಿ, ನಾಲ್ಕೂ ದಿಕ್ಕಿಗೆ ಎಲ್ಲೆ ಯಾವುದು, ಸಾಕ್ಷಿ ಯಾರು, ಮಾತು ತಪ್ಪಿದವನಿಗೆ ಯಾವ ಪಾಪ. ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಕಾಗದ ಅಲ್ಲ ಅದು, ಊರ ಮಧ್ಯೆ ನಿಲ್ಲಿಸುವ ಕಲ್ಲು. ನೋಂದಣಿ ಅಂದರೆ ಮೂಲದಲ್ಲಿ ಇಷ್ಟೇ.

ಈಗ ಇವತ್ತಿಗೆ ಬನ್ನಿ. ಕಾರ್ಯಕ್ರಮವೊಂದು ಮುಗಿದ ಮೇಲೆ ಆ ಸೀಮೆಯ ಒಬ್ಬ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಹೆಸರು ಬೇಡ. ಅಪ್ಪ ಜಮೀನು ಮಾರಿದ ದುಡ್ಡಲ್ಲಿ ಒಂದು ಟೀ ಅಂಗಡಿಯ ಫ್ರಾಂಚೈಸಿ ತಗೊಂಡಿದ್ದ. ಬೋರ್ಡು ಅವರದು, ಪುಡಿ ಅವರದು, ದುಡ್ಡು ಇವನದು. ಆರು ತಿಂಗಳಲ್ಲಿ ಅದೇ ರಸ್ತೆಯಲ್ಲಿ ಅದೇ ಬೋರ್ಡಿನ ಇನ್ನೊಂದು ಅಂಗಡಿ ತೆರೀತು. ಕೇಳಿದರೆ, 'ಕರಾರಲ್ಲಿ ನಿಮಗೇ ಅಂತ ಏರಿಯಾ ಬರೆದಿಲ್ಲವಲ್ಲ ಸಾರ್' ಅಂದರಂತೆ.

ಅವನ ಚೀಲದಲ್ಲಿ ಎರಡು ಕಾಗದ ಇತ್ತು. ಒಂದು, ಅಪ್ಪನ ಕ್ರಯಪತ್ರ. ಅದರಲ್ಲಿ ಸರ್ವೆ ನಂಬರ್, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ದಾರಿ, ಎಲ್ಲ ಇದೆ. ಸಬ್ ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು, ಫೋಟೋ, ಸಾಕ್ಷಿ. ಕೊಂಡವನು ಋಣಭಾರ ಪತ್ರ ತೆಗೆಸಿ, ಜಮೀನಿನ ಮೇಲೆ ಸಾಲ ಇದೆಯಾ ಅಂತ ನೋಡಿಯೇ ದುಡ್ಡು ಕೊಟ್ಟಿದ್ದಾನೆ. ಇನ್ನೊಂದು, ಮಗನ ಫ್ರಾಂಚೈಸಿ ಕರಾರು. ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ನಲವತ್ತು ಪುಟ. ಚಕ್ಕುಬಂದಿ ಇಲ್ಲ. ಕಂಪನಿ ಇದುವರೆಗೆ ಎಷ್ಟು ಅಂಗಡಿ ಮುಚ್ಚಿದೆ ಅನ್ನೋದಿಲ್ಲ. ಎಲ್ಲೂ ನೋಂದಣಿ ಆಗಿಲ್ಲ, ಆಗಲೇಬೇಕು ಅನ್ನೋ ಕಾನೂನೂ ಇಲ್ಲ.

ದುಡ್ಡು ಅದೇ ದುಡ್ಡು ವೀಕ್ಷಕರೇ. ಜಮೀನಾಗಿದ್ದಾಗ ಅದಕ್ಕೆ ಕಾವಲಿತ್ತು. ಫ್ರಾಂಚೈಸಿ ಆದ ದಿನ ಕಾವಲು ಹೋಯಿತು.

ಕಾವಲು ಇರೋ ಜಾಗ ಇದೆಯಾ? ಇದೆ, ಅದಕ್ಕೂ ಒಂದು ಇತಿಹಾಸ ಇದೆ. ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಊರೂರಿಗೆ ಹೋಗಿ ಮಾರೋಕೆ ಬಂಡವಾಳ ಸಾಲದೆ, ಒಂದೊಂದು ಪ್ರದೇಶದ ಮಾರಾಟದ ಹಕ್ಕನ್ನೇ ಬೇರೆಯವರಿಗೆ ಮಾರಿದ. 1955ರಲ್ಲಿ ರೇ ಕ್ರಾಕ್ ಇಲಿನಾಯ್ಸ್‌ನಲ್ಲಿ ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದ ಮೇಲೆ ಅಮೆರಿಕದಲ್ಲಿ ಫ್ರಾಂಚೈಸಿ ಹುಚ್ಚೇ ಹಿಡಿಯಿತು. 1960ರ ದಶಕದಲ್ಲಿ ಸಿನಿಮಾದವರು, ಆಟಗಾರರು, ಹಾಡುಗಾರರು ಎಲ್ಲ ಹೆಸರು ಬಾಡಿಗೆಗೆ ಕೊಟ್ಟರು. ಮಿನ್ನಿ ಪರ್ಲ್ ಅನ್ನೋ ಹಾಸ್ಯ ಕಲಾವಿದೆಯ ಹೆಸರಲ್ಲಿ ಕೋಳಿ ಅಂಗಡಿಗಳ ಕಂಪನಿ ಬಂತು. ಮಾರಿದ ಫ್ರಾಂಚೈಸಿಗಳು ಸಾವಿರಕ್ಕೂ ಹೆಚ್ಚು, ತೆರೆದ ಅಂಗಡಿಗಳು ಅದಕ್ಕಿಂತ ಎಷ್ಟೋ ಕಡಿಮೆ. ಅಂಗಡಿ ತೆರೆಯೋ ಮೊದಲೇ ಫ್ರಾಂಚೈಸಿ ಶುಲ್ಕವನ್ನು ಆದಾಯ ಅಂತ ಬರೆದುಕೊಂಡರು. ಷೇರು ಏರಿತು, ಆಮೇಲೆ ಕುಸಿಯಿತು. ಕೋಳಿ ಮಾರಿ ಬಂದ ಲಾಭ ಅಲ್ಲ ಅದು, ಹೆಸರು ಮಾರಿ ಬಂದದ್ದು.

ಆಗ ಕ್ಯಾಲಿಫೋರ್ನಿಯಾ ರಾಜ್ಯ ಎದ್ದು ಕೂತಿತು. 1970ರಲ್ಲಿ ಕಾನೂನು ಮಾಡಿ 1971ರ ಜನವರಿ 1ರಿಂದ ಜಾರಿಗೆ ತಂತು. ರಾಜ್ಯದೊಳಗೆ ಫ್ರಾಂಚೈಸಿ ಮಾರಬೇಕಾದರೆ ಮೊದಲು ಸರ್ಕಾರದಲ್ಲಿ ನೋಂದಣಿ ಆಗಬೇಕು. ನ್ಯೂಯಾರ್ಕ್, ಇಲಿನಾಯ್ಸ್, ವಾಷಿಂಗ್ಟನ್, ಮೇರಿಲ್ಯಾಂಡ್ ಹೀಗೆ ಹತ್ತಕ್ಕೂ ಹೆಚ್ಚು ರಾಜ್ಯಗಳು ಹಿಂದೆಯೇ ಬಂದವು. 1979ರಲ್ಲಿ ಇಡೀ ದೇಶಕ್ಕೇ ಒಂದು ನಿಯಮ ಬಂತು. ಇವತ್ತು ಅಲ್ಲಿ ಸಹಿ ಹಾಕಿಸಿಕೊಳ್ಳೋದಕ್ಕೆ ಅಥವಾ ದುಡ್ಡು ತಗೊಳ್ಳೋದಕ್ಕೆ ಕನಿಷ್ಠ 14 ದಿನ ಮೊದಲು, 23 ವಿಷಯಗಳಿರುವ ಒಂದು ದಾಖಲೆ ಕೊಡಲೇಬೇಕು. ಕಂಪನಿ ಮೇಲೆ ಏನು ಕೇಸಿದೆ? ಒಟ್ಟು ಖರ್ಚು ಎಷ್ಟು? ನನ್ನ ಎಲ್ಲೆ ಯಾವುದು? ಕಳೆದ ಮೂರು ವರ್ಷದಲ್ಲಿ ಎಷ್ಟು ಅಂಗಡಿ ತೆರೆಯಿತು, ಎಷ್ಟು ಮುಚ್ಚಿತು? ಈಗಿರುವ ಫ್ರಾಂಚೈಸಿದಾರರು, ಇತ್ತೀಚೆಗೆ ಬಿಟ್ಟು ಹೋದವರು ಯಾರು, ಅವರ ಫೋನ್ ನಂಬರ್ ಏನು? ಕಂಪನಿಯ ಹಣಕಾಸು ದುರ್ಬಲ ಅನ್ನಿಸಿದರೆ, ಅಂಗಡಿ ತೆರೆಯೋವರೆಗೆ ಶುಲ್ಕ ಮುಟ್ಟಬೇಡ ಅಂತ ಕ್ಯಾಲಿಫೋರ್ನಿಯಾ ತಡೆ ಹಾಕಬಲ್ಲದು.

ನಾನು ಎಂಜಿನಿಯರಿಂಗ್ ಓದಿದವನು. ಮೂರು ರೂಪಾಯಿಯ ಬಿಡಿಭಾಗಕ್ಕೂ ಡೇಟಾಶೀಟ್ ಇರುತ್ತೆ, ಎಷ್ಟು ವೋಲ್ಟೇಜಿಗೆ ಸುಡುತ್ತೆ ಅಂತ ಮೊದಲೇ ಬರೆದಿರುತ್ತಾರೆ. ಜೀವಮಾನದ ಉಳಿತಾಯ ಹಾಕೋ ವ್ಯಾಪಾರಕ್ಕೆ ಡೇಟಾಶೀಟ್ ಬೇಡವಾ?

ಒಂದು ವಿಚಿತ್ರ ನೋಡಿ. ಬೆಂಗಳೂರಿನ ಒಂದು ಹೋಟೆಲ್ ಬ್ರ್ಯಾಂಡು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರೋ ಕನ್ನಡಿಗನಿಗೆ ಫ್ರಾಂಚೈಸಿ ಮಾರಬೇಕಾದರೆ ಇಷ್ಟೆಲ್ಲ ಬಿಚ್ಚಿಡಬೇಕು. ಅದೇ ಬ್ರ್ಯಾಂಡು ಕುಂದಾಣದ ಕನ್ನಡಿಗನಿಗೆ ಮಾರಬೇಕಾದರೆ? ಏನೂ ಹೇಳಬೇಕಿಲ್ಲ. ನಮ್ಮಲ್ಲಿ ಫ್ರಾಂಚೈಸಿಗೆ ಅಂತಲೇ ಕಾನೂನಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ ಕಾಯ್ದೆ ಇವುಗಳಲ್ಲೇ ಸುಧಾರಿಸಬೇಕು. ಅಂಗಡಿಗೆ 1961ರ ಕರ್ನಾಟಕ ಕಾಯ್ದೆಯಡಿ ನೋಂದಣಿ ಬೇಕು, ಆಹಾರ ಸುರಕ್ಷತೆಯ ಲೈಸೆನ್ಸ್ ಬೇಕು, ಜಿಎಸ್‌ಟಿ ಬೇಕು. ಗಮನಿಸಿ, ಇವೆಲ್ಲ ದುಡ್ಡು ಹಾಕಿದವನ ತಲೆ ಮೇಲೆ. ಹೆಸರು ಮಾರಿದವನು ಆರಾಮ. ಮಲೇಷ್ಯಾದಂಥ ಪುಟ್ಟ ದೇಶ 1998ರಲ್ಲೇ ಫ್ರಾಂಚೈಸಿ ಕಾಯ್ದೆ ತಂದು ನೋಂದಣಿ ಕಡ್ಡಾಯ ಮಾಡಿತು.

ಇದಕ್ಕೆ ಇನ್ನೊಂದು ಮುಖವೂ ಇದೆ, ಹೇಳದಿದ್ದರೆ ಅನ್ಯಾಯ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದರು. ನಿಂತು ತಿನ್ನು, ನೀನೇ ತಗೋ, ಬೆಲೆ ಕಡಿಮೆ. ಆ ಐಡಿಯಾ ಊರೆಲ್ಲ ಹಬ್ಬಿತು, 'ದರ್ಶಿನಿ' ಅನ್ನೋದು ಒಂದು ಜಾತಿಯ ಹೋಟೆಲಿಗೇ ಹೆಸರಾಯಿತು. ನೋಂದಣಿ, ವಕೀಲರು, ಶುಲ್ಕ ಅಂತ ಕೂತಿದ್ದರೆ ಇಷ್ಟು ವೇಗವಾಗಿ ಹಬ್ಬುತ್ತಿತ್ತಾ? ಅನುಮಾನ. ಕಡ್ಡಾಯ ನೋಂದಣಿಯಿಂದ ಸಣ್ಣ ಕಂಪನಿಗಳಿಗೆ ಹೊರೆ ಅನ್ನೋ ವಾದ ಸುಳ್ಳಲ್ಲ. ನೋಂದಣಿ ಆದ ಮಾತ್ರಕ್ಕೆ ವ್ಯಾಪಾರ ಗೆಲ್ಲುತ್ತೆ ಅಂತಲೂ ಇಲ್ಲ, ಕ್ಯಾಲಿಫೋರ್ನಿಯಾ ಸರ್ಕಾರವೇ ಅದು ತನ್ನ ಶಿಫಾರಸು ಅಲ್ಲ ಅನ್ನುತ್ತೆ. ಆದರೆ ಆ 'ದರ್ಶಿನಿ' ಹೆಸರು ಹಾಕಿಕೊಳ್ಳೋಕೆ ಯಾರೂ ಜಮೀನು ಮಾರಿದ ದುಡ್ಡನ್ನು ಶುಲ್ಕ ಅಂತ ಕಟ್ಟಲಿಲ್ಲ. ಹೆಸರಿಗೆ ದುಡ್ಡು ಕೇಳೋ ಕ್ಷಣದಲ್ಲಿ ಲೆಕ್ಕ ತೋರಿಸೋ ಜವಾಬ್ದಾರಿ ಶುರುವಾಗುತ್ತೆ.

ಕಾನೂನು ಬರೋವರೆಗೆ ಏನು ಮಾಡೋದು? ಅಮೆರಿಕದವನಿಗೆ ಕಾನೂನು ಕೊಡಿಸೋದನ್ನು ನೀವೇ ಕೇಳಿ. ಬಿಟ್ಟು ಹೋದ ಐದು ಜನರ ನಂಬರ್ ಕೇಳಿ, ಫೋನ್ ಮಾಡಿ. ಟ್ರೇಡ್ ಮಾರ್ಕ್ ಅವರ ಹೆಸರಲ್ಲೇ ನೋಂದಣಿ ಆಗಿದೆಯಾ ನೋಡಿ. ಆಡಿಟ್ ಆದ ಲೆಕ್ಕ ಕೇಳಿ. ನಿಮ್ಮ ಏರಿಯಾದ ನಾಲ್ಕೂ ಎಲ್ಲೆಯನ್ನು ಕರಾರಲ್ಲಿ ಬರೆಸಿ. ಹದಿನಾಲ್ಕು ದಿನ ಕಾಯಿರಿ. 'ಇವತ್ತೇ ಕಟ್ಟಿ, ನಾಳೆ ಆಫರ್ ಇಲ್ಲ' ಅಂದರೆ ಎದ್ದು ಬನ್ನಿ.

ಆ ಹುಡುಗ ಹೊರಡುವಾಗ ಕರಾರನ್ನು ಮಡಚಿ, ಅಪ್ಪನ ಕ್ರಯಪತ್ರದ ಪ್ಲಾಸ್ಟಿಕ್ ಕವರಿನೊಳಗೇ ಇಟ್ಟುಕೊಂಡ. 'ಸಾರ್, ಜಮೀನು ಮಾರುವಾಗ ಅಪ್ಪ ಮೂರು ಸಲ ಓದಿಸಿ ಕೇಳಿಸಿಕೊಂಡಿದ್ದ. ಇದನ್ನ ನಾನು ಒಂದು ಸಲಾನೂ ಓದಲಿಲ್ಲ' ಅಂದ. ಅವನಪ್ಪನಿಗೆ ಓದೋಕೆ ಬರೋದಿಲ್ಲ. ಇವನು ಬಿಕಾಂ.