ಟವೆಲಿನ ಹಿಂಬದಿಯ ಚರಿತ್ರೆ

ಸಮುದ್ರ ತೀರಕ್ಕೆ ಹೋಗುವವರಿಗೆಂದು ಅಮೆರಿಕದಲ್ಲಿ ಆಳೆತ್ತರದ ಟವೆಲ್‌ಗಳನ್ನು ಮಾರುತ್ತಾರೆ. ಮರಳ ಮೇಲೆ ಹಾಸಿಕೊಳ್ಳಲೂ ಅದೇ, ಮೈ ಒರೆಸಿಕೊಳ್ಳಲೂ ಅದೇ. ಅಲ್ಲಿನ ಹಳೆಯ ಮಾಡಿನ ಸೇತುವೆಗಳ ಫೋಟೋಗಳನ್ನು ಈ ಟವೆಲ್‌ಗಳ ಮೇಲೆ ಅಚ್ಚು ಹಾಕುವುದುಂಟು.

ಅಂಥ ಸೇತುವೆಗಳಲ್ಲಿ ಹೆಸರಾದದ್ದು ಕಾರ್ನಿಷ್-ವಿಂಡ್ಸರ್ ಸೇತುವೆ. ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ರಾಜ್ಯಗಳ ನಡುವೆ ಹರಿಯುವ ಕನೆಕ್ಟಿಕಟ್ ನದಿಗೆ 1866ರಲ್ಲಿ ಕಟ್ಟಿದ್ದು. ಉದ್ದ ಸುಮಾರು 450 ಅಡಿ, ಪೂರ್ತಿ ಮರದ್ದು. ಅದಕ್ಕೆ ಮಾಡು ಹಾಕಿದ್ದು ದಾರಿಹೋಕರು ನೆನೆಯದಿರಲಿ ಎಂದಲ್ಲ, ಭಾರ ಹೊತ್ತ ತೊಲೆಗಳು ಮಳೆಗೂ ಹಿಮಕ್ಕೂ ಕೊಳೆಯದಿರಲಿ ಎಂದು. 1943ರವರೆಗೆ ಅದನ್ನು ದಾಟುವವರು ಸುಂಕ ಕೊಡಬೇಕಿತ್ತು.

ಫೋಟೋ ಸ್ಪಷ್ಟವಾಗಿ ಮೂಡಬೇಕಾದರೆ ಬಟ್ಟೆಯ ಮೈ ಸಮವಾಗಿರಬೇಕು. ಅದಕ್ಕಾಗಿ ಆ ಬದಿಯ ನೂಲಿನ ಕುಣಿಕೆಗಳ ತುದಿಯನ್ನು ಸಾಮಾನ್ಯವಾಗಿ ಕತ್ತರಿಸಿಬಿಡುತ್ತಾರೆ. ಬಟ್ಟೆ ನುಣುಪಾಗುತ್ತದೆ, ಆದರೆ ನೀರು ಹೀರುವ ಗುಣ ತಗ್ಗುತ್ತದೆ. ಮೈ ಒರೆಸಿಕೊಳ್ಳಲು ಕುಣಿಕೆಗಳು ಉಳಿದಿರುವ ಹಿಂಬದಿಯೇ ಬೇಕು. ಆ ಹಿಂಬದಿಗೆ ಬೇರೆಯದೇ ಒಂದು ಚರಿತ್ರೆಯಿದೆ. ಅದು ನಮ್ಮನ್ನು ತುರ್ಕಿಯ ಬುರ್ಸಾ ನಗರಕ್ಕೆ ಕರೆದೊಯ್ಯುತ್ತದೆ.

1326ರಲ್ಲಿ ಉಸ್ಮಾನಿಯರ ವಶವಾಗಿ ಅವರ ರಾಜಧಾನಿಯಾದ ಬುರ್ಸಾ ಬಿಸಿನೀರಿನ ಬುಗ್ಗೆಗಳ ಊರು, ಹಮಾಮುಗಳ ಊರು, ನೇಕಾರರ ಊರು. ಟವೆಲಿಗೆ ತುರ್ಕಿ ಭಾಷೆಯಲ್ಲಿ 'ಹವ್ಲು' ಎನ್ನುತ್ತಾರೆ. 'ಹವ್' ಎಂದರೆ ಬಟ್ಟೆಯ ಮೇಲಿನ ನವಿರು. ಈ ನೇಯ್ಗೆಯಲ್ಲಿ ಹಾಸಿನ ನೂಲು ಎರಡು ಬಗೆ. ಒಂದನ್ನು ಬಿಗಿಯಾಗಿ ಎಳೆದಿರುತ್ತಾರೆ, ಇನ್ನೊಂದನ್ನು ಸಡಿಲ ಬಿಟ್ಟಿರುತ್ತಾರೆ. ಹೊಕ್ಕನ್ನು ಬಡಿದು ಕೂರಿಸಿದಾಗ ಸಡಿಲ ನೂಲು ಕುಣಿಕೆಯಾಗಿ ಮೇಲೇಳುತ್ತದೆ.

1850ರ ಸುಮಾರಿಗೆ ಉಸ್ಮಾನಿಯರ ನಾಡಿನಲ್ಲಿ ಪ್ರವಾಸ ಮಾಡಿದ ಆಂಗ್ಲ ವರ್ತಕ ಹೆನ್ರಿ ಕ್ರಿಸ್ಟಿ ಈ ಬಟ್ಟೆಯ ಮಾದರಿಯನ್ನು ಇಂಗ್ಲೆಂಡಿಗೆ ಒಯ್ದ. ಅವನ ಕುಟುಂಬದ ಕಾರ್ಖಾನೆಯಲ್ಲಿದ್ದ ಸ್ಯಾಮ್ಯುಯೆಲ್ ಹೋಲ್ಟ್ ಅದನ್ನು ನೇಯುವ ಯಂತ್ರ ರೂಪಿಸಿದ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಆ ಟವೆಲ್‌ಗಳು ಜಗತ್ತಿಗೆ ಪರಿಚಯವಾದವು. ಕ್ರಿಸ್ಟಿ ನಾಡುನಾಡಿನ ಕರಕುಶಲ ವಸ್ತುಗಳನ್ನು ಪ್ರೀತಿಯಿಂದ ಸಂಗ್ರಹಿಸಿದವನು. 1865ರಲ್ಲಿ ಅವನು ತೀರಿಕೊಂಡ ಮೇಲೆ ಆ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಸೇರಿತು. ಅವನನ್ನು ಕಳ್ಳನೆನ್ನುವುದು ನ್ಯಾಯವಲ್ಲ. ಆದರೂ ವರ್ತಕನ ಹೆಸರು ಉಳಿಯಿತು, ಯಂತ್ರ ಮಾಡಿದವನ ಹೆಸರು ಉಳಿಯಿತು. ಕೈಮಗ್ಗದ ಮೇಲೆ ಆ ಕುಣಿಕೆಗಳನ್ನು ಎಬ್ಬಿಸಿದವರು ಮಾತ್ರ ಹೆಸರಿಲ್ಲದೆ ಹೋದರು.

ಬುರ್ಸಾದಲ್ಲೂ ಒಂದು ಪ್ರಸಿದ್ಧ ಸೇತುವೆಯಿದೆ ಎಂಬುದು ಇಲ್ಲಿ ನೆನೆಯಬೇಕಾದ ಮಾತು. ಖ್ವಾಜಾ ಮುಸ್ಲಿಹುದ್ದೀನ್ ಎಂಬ ವರ್ತಕ 1442ರಲ್ಲಿ ಕಟ್ಟಿಸಿದ ಇರ್ಗಾಂದಿ ಸೇತುವೆ ಅದು. ಅದರ ಮೇಲಿನ ಮಾಡು ತೊಲೆ ಕಾಯಲು ಹಾಕಿದ್ದಲ್ಲ. ಕಲ್ಲಿನ ಕಮಾನಿನ ಮೇಲೆ ಎರಡೂ ಬದಿಗೆ ಕಟ್ಟಿದ ಅಂಗಡಿಗಳದ್ದು. ಹೊಳೆ ದಾಟುವವನು ಬಾಜಾರನ್ನೇ ಹಾದುಹೋಗುತ್ತಿದ್ದ. 1855ರ ಭೂಕಂಪದಲ್ಲಿ ಅದು ಜಖಂಗೊಂಡಿತು, 1922ರಲ್ಲಿ ಯುದ್ಧಕ್ಕೆ ತುತ್ತಾಯಿತು. 2004ರಲ್ಲಿ ಮತ್ತೆ ಎದ್ದುನಿಂತು ಕುಶಲಕರ್ಮಿಗಳಿಗೆ ಅಂಗಡಿಯಾಯಿತು.

ಟವೆಲಿನ ಮೇಲೆ ಅಮೆರಿಕದ ಸೇತುವೆ ಬಂದದ್ದರಲ್ಲಿ ತಪ್ಪೇನೂ ಇಲ್ಲ. ಚಿತ್ರಕ್ಕೆ ಊರಿನ ಹೆಸರಿದೆ, ಬಟ್ಟೆಗೆ ಇಲ್ಲ ಎಂಬುದಷ್ಟೇ ಕೊರತೆ. ಈ ವಿಷಯದಲ್ಲಿ ನಮ್ಮ ಜನರ ಬಾಯಿ ವಾಸಿ. ಬಟ್ಟೆ ಅಂಗಡಿಗೆ ಹೋದವರು ಚರಿತ್ರೆಯನ್ನೇನೂ ಓದದೆ 'ಟರ್ಕಿ ಟವೆಲ್ ಕೊಡಿ' ಎನ್ನುತ್ತಾರೆ. ನೇಕಾರರ ಹೆಸರು ಅಳಿದರೂ ಅವರ ನಾಡಿನ ಹೆಸರು ಆ ಒಂದು ಮಾತಿನಲ್ಲಿ ಉಳಿದುಕೊಂಡಿದೆ.